ತಲೆಯಾಡಿಸುವ ಫೋನು

ಮಾವನ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಕೆಟ್ಟ ಕೊಲೆಸ್ಟ್ರಾಲ್ 198. ತೆಂಗಿನೆಣ್ಣೆ ಕಡಿಮೆ ಮಾಡಿ ಅಂದರು ಡಾಕ್ಟರು. ಉಡುಪಿಯವರ ಹತ್ತಿರ ಹೀಗೆ ಹೇಳುವುದೂ ಒಂದೇ, ಉಸಿರಾಟ ಸ್ವಲ್ಪ ಕಡಿಮೆ ಮಾಡಿ ಅನ್ನುವುದೂ ಒಂದೇ.

ಮಾವ ಜಗಲಿಯಲ್ಲಿ ಕೂತರು. ಕನ್ನಡಕ ಹಣೆಗೇರಿಸಿ, ಫೋನು ಬಾಯಿಯ ಹತ್ತಿರ ಹಿಡಿದು ಕೇಳಿದರು: "ತೆಂಗಿನೆಣ್ಣೆ ಹೃದಯಕ್ಕೆ ಯಾಕೆ ಒಳ್ಳೆಯದು?"

ಒಳ್ಳೆಯದಾ ಅಂತಲ್ಲ. ಯಾಕೆ ಒಳ್ಳೆಯದು ಅಂತ. ಫೋನೋ, ಹೋಟೆಲಿನ ಮಾಣಿಯ ಹಾಗೆ. ಕೇಳಿದ್ದನ್ನು ತಂದಿಟ್ಟಿತು. ಸಾಲು ಸಾಲು ವಿಡಿಯೋ.

ಸಂಜೆ ಅದೇ ಫೋನು ಅತ್ತೆಯ ಕೈಗೆ ಬಂತು. ಬಾಣಲೆ ಮುಂದೆ ನಿಂತು ಸುಸ್ತಾದವರು ಅವರು. "ತೆಂಗಿನೆಣ್ಣೆಯಿಂದ ಏನೆಲ್ಲ ತೊಂದರೆ?" ಅಂದರು. ಇನ್ನೊಂದು ಸಾಲು ವಿಡಿಯೋ. ಒಂದೇ ಮನೆ, ಒಂದೇ ವೈಫೈ, ಎರಡು ವಿಜ್ಞಾನ.

ನಾನು ಸುಮ್ನೆ ಇರಬೇಕಿತ್ತು. ಈ ಎಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಕೊಬ್ಬು ಉಂಟು, 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನೇ ಬೇಡ ಅಂದಿದೆ ಎಂದೆ.

"ಅಮೆರಿಕದಲ್ಲಿ ತೆಂಗಿನ ಮರ ಉಂಟಾ ಮಾರಾಯ?"

(ಹವಾಯಿಯಲ್ಲಿ ಉಂಟು. ಊಟ ಆಗಿರಲಿಲ್ಲ, ಹಾಗಾಗಿ ಹೇಳಲಿಲ್ಲ.)

ಇದಕ್ಕೆ ಫೋನನ್ನು ಮಾತ್ರ ಬೈದು ಪ್ರಯೋಜನ ಇಲ್ಲ. 1960ರಲ್ಲಿ, ಫೋನು ಗೋಡೆಗೆ ನೇತಾಡುತ್ತಿದ್ದ ಕಾಲದಲ್ಲಿ, ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. 2, 4, 6. ಇದರ ಹಿಂದೆ ಒಂದು ನಿಯಮ ಉಂಟು, ನೀವೂ ಮೂರು ಮೂರು ಸಂಖ್ಯೆ ಹೇಳಿ ಪರೀಕ್ಷಿಸಿ, ಕಂಡುಹಿಡಿಯಿರಿ ಅಂದರು. 8, 10, 12? ಹೌದು. 20, 22, 24? ಹೌದು. ಎರಡೆರಡು ಜಾಸ್ತಿ ಆಗುತ್ತಾ ಹೋಗಬೇಕು ಅಂತ ಎದೆ ತಟ್ಟಿ ಹೇಳಿದವರು ಬಹಳ. ನಿಯಮ ಅಷ್ಟಿಲ್ಲ, ಸಂಖ್ಯೆ ಏರುತ್ತಾ ಹೋದರೆ ಸಾಕಿತ್ತು. 1, 7, 50 ಅಂತ ಕೇಳಿದ್ದರೆ ಅದಕ್ಕೂ ಹೌದು ಬಂದು, ಗೊತ್ತಾಗುತ್ತಿತ್ತು. ಆದರೆ "ಇಲ್ಲ" ಅನ್ನಿಸಿಕೊಳ್ಳಬಹುದಾದದ್ದನ್ನು ಕೇಳಲಿಕ್ಕೆ ಯಾರಿಗೆ ಇಷ್ಟ ಅಲ್ವಾ? ಈಗ ರಥಬೀದಿಯಿಂದ ಮಲ್ಪೆ ಬಂದರಿನವರೆಗೆ ಯಾರನ್ನು ಮಾತಾಡಿಸಿದರೂ "ನಾನು ರಿಸರ್ಚ್ ಮಾಡಿದ್ದೇನೆ" ಅನ್ನುತ್ತಾರೆ. ತೀರ್ಪು ಮೊದಲು, ವಿಚಾರಣೆ ಆಮೇಲೆ.

ಮಾವ ಮಂಗಳೂರಿಗೆ ಹೋಗಿ ಇನ್ನೊಂದು ಲ್ಯಾಬಿನಲ್ಲಿ ರಕ್ತ ಕೊಟ್ಟರು. 204 ಬಂತು. "ಅವರ ಮೆಷಿನ್ ಸರಿ ಇಲ್ಲ" ಅಂದರು. ಈಗ ಮೂರನೆಯದು ಹುಡುಕುತ್ತಿದ್ದಾರೆ.

ಮೊನ್ನೆ ಹೋದಾಗ ಅತ್ತೆ ಗೋಳಿಬಜೆ ತಂದಿಟ್ಟರು. ಎಣ್ಣೆ ಹೀರಲಿ ಅಂತ ಕೆಳಗೆ ಒಂದು ಕಾಗದ ಹಾಸಿದ್ದರು. ನಾಲ್ಕು ಬಜೆ ಖಾಲಿಯಾದ ಮೇಲೆ ಕಂಡಿತು, 204.