ಅಮ್ಮನ ಸಾವಿಗೆ ಹೋಗಿದ್ದು ತಪ್ಪು ಅಂತ ನಾನು ಒಪ್ಪಿಕೊಳ್ಳಬೇಕಂತೆ

"ಸುಮ್ನೆ ತಪ್ಪೊಪ್ಪಿಕೊಂಡುಬಿಡಿ. ಒಂದಿಷ್ಟು ದಂಡ ಹಾಕ್ತಾರೆ, ಕಟ್ಟಿ ಮನೆಗೆ ಹೋಗಿ."

ಇವತ್ತು ಬೆಳಿಗ್ಗೆ ಪೊಲೀಸ್ ಠಾಣೆಯಲ್ಲಿ ಕಾಗದಪತ್ರ ನೋಡಿಕೊಳ್ಳೋ ರೈಟರ್ ನನಗೆ ಹೇಳಿದ್ದು ಇಷ್ಟೇ. ಗದರಿಸಿ ಹೇಳಲಿಲ್ಲ. ಟೀ ಕುಡಿಯುತ್ತಾ, ನನ್ನ ಒಳ್ಳೆಯದಕ್ಕೇ ಅನ್ನೋ ಹಾಗೆ ಹೇಳಿದರು. ಅದಕ್ಕೇ ಹೊಟ್ಟೆ ಜಾಸ್ತಿ ಉರಿಯುತ್ತಿದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಬರುತ್ತಿದ್ದೆ. ಈಗ ಮನೆಗೆ ಬಂದು ಮೂರು ಗಂಟೆ ಆಯಿತು, ಊಟ ಇಳಿಯುತ್ತಿಲ್ಲ.

ಯಾವ ತಪ್ಪನ್ನು ಒಪ್ಪಿಕೊಳ್ಳಲಿ? ಕಟಕಟೆಯಲ್ಲಿ ನಿಂತು ಏನು ಹೇಳಲಿ? ನಮ್ಮಮ್ಮ ತೀರಿಹೋಗಿದ್ದಳು, ಕೊನೇ ಸಲ ಮುಖ ನೋಡೋಕೆ ಹೊರಟಿದ್ದೆ, ತಪ್ಪಾಯಿತು, ಇನ್ನೊಂದು ಸಲ ಹೀಗೆ ಮಾಡಲ್ಲ ಅಂತಲಾ?

ನಾನು ಠಾಣೆಗೆ ಹೋಗಿದ್ದು ಕೇಸಿಗಲ್ಲ. ನನ್ನ ಮೇಲೆ ಕೇಸ್ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಶಾಲೆಯ ವ್ಯಾನ್ ಓಡಿಸೋ ಕೆಲಸ ಸಿಕ್ಕಿದೆ. ಮಕ್ಕಳನ್ನು ಕರೆದುಕೊಂಡು ಹೋಗೋ ಕೆಲಸ ಅಲ್ವಾ, ಪೊಲೀಸ್ ವೆರಿಫಿಕೇಶನ್ ಬೇಕು ಅಂದರು. ಸರಿಯಾದ ಮಾತೇ. ನನ್ನ ಮಕ್ಕಳ ವ್ಯಾನ್ ಡ್ರೈವರ್ ಬಗ್ಗೆ ನಾನೂ ಅದನ್ನೇ ಕೇಳುತ್ತಿದ್ದೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆ. ಠಾಣೆಯಿಂದ ಫೋನ್ ಬಂತು. ಹೋದೆ. ರೈಟರ್ ಕಂಪ್ಯೂಟರ್ ನೋಡಿ, ನಿಮ್ಮ ಮೇಲೆ 2021ರದ್ದು ಕ್ರಿಮಿನಲ್ ಕೇಸ್ ಪೆಂಡಿಂಗ್ ಇದೆಯಲ್ಲ ಅಂದರು. ಪಕ್ಕದ ಬೆಂಚಿನಲ್ಲಿ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕ್ರಿಮಿನಲ್ ಅನ್ನೋ ಒಂದು ಪದ ಸಾಕು ನೋಡಿ. ಯಾವ ಕೇಸ್, ಯಾಕೆ ಅಂತ ಆಮೇಲೆ ಯಾರೂ ಕೇಳಲ್ಲ.

188, 269. ಹಳೇ ಐಪಿಸಿಯ ಸೆಕ್ಷನ್‌ಗಳು. ಸರ್ಕಾರಿ ಆದೇಶ ಮೀರಿದ್ದು, ಅಜಾಗರೂಕತೆಯಿಂದ ರೋಗ ಹರಡುವ ಕೆಲಸ ಮಾಡಿದ್ದು. ರೋಗ ಹರಡುವ ಕೆಲಸ! ನನಗೂ ಕೊರೊನಾ ಇರಲಿಲ್ಲ, ನಮ್ಮಮ್ಮನಿಗೂ ಇರಲಿಲ್ಲ. ಅಮ್ಮ ಹೋಗಿದ್ದು ಹೃದಯದ ತೊಂದರೆಯಿಂದ, ಅಕ್ಕನ ಮನೆಯಲ್ಲಿ, ಬೆಳಿಗ್ಗೆ ಐದೂವರೆಗೆ.

2021ರ ಮೇ 16, ಭಾನುವಾರ. ಕೊರೊನಾ ಲಾಕ್‌ಡೌನ್, ಜಿಲ್ಲೆ ದಾಟೋ ಹಾಗಿರಲಿಲ್ಲ. ಅಕ್ಕನ ಊರು ಪಕ್ಕದ ಜಿಲ್ಲೆ, ಚೆಕ್‌ಪೋಸ್ಟ್‌ನಿಂದ ಆಚೆ 14 ಕಿಲೋಮೀಟರ್. ನಾನೊಬ್ಬನೇ ಬೈಕಿನಲ್ಲಿ ಹೊರಟೆ. ಹೆಂಡತಿ ಮಕ್ಕಳನ್ನು ಮನೆಯಲ್ಲೇ ಬಿಟ್ಟೆ, ನಿಯಮ ಇದೆ ಅಂತಲೇ ಬಿಟ್ಟೆ. ಎರಡು ಮಾಸ್ಕ್ ಹಾಕಿಕೊಂಡಿದ್ದೆ.

ರಸ್ತೆಗೆ ಅಡ್ಡ ಬ್ಯಾರಿಕೇಡ್. ಶಾಮಿಯಾನ ಹಾಕಿ ನಾಲ್ಕು ಜನ ಕೂತಿದ್ದರು.

"ಎಲ್ಲಿಗೆ?"

"ಅಮ್ಮ ತೀರಿಹೋಗಿದಾರೆ ಸಾರ್."

"ಎಲ್ಲರೂ ಇದನ್ನೇ ಹೇಳ್ತಾರೆ. ಡೆತ್ ಸರ್ಟಿಫಿಕೇಟ್ ತೋರ್ಸು."

ಬೆಳಿಗ್ಗೆ ಸತ್ತವರ ಡೆತ್ ಸರ್ಟಿಫಿಕೇಟ್ ಅದೇ ಬೆಳಿಗ್ಗೆ, ಅದೂ ಭಾನುವಾರ, ಯಾರು ಕೊಡ್ತಾರೆ? ಹೇಳಿದೆ. ಕೈ ಮುಗಿದು ಹೇಳಿದೆ. ಮತ್ತೆ ಏನಿದೆ ಪ್ರೂಫು ಅಂದರು. ಅಕ್ಕ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದಳು. ನಾನು ಕೇಳಿರಲಿಲ್ಲ, ತಮ್ಮ ಬರೋದು ತಡವಾದರೆ ಅಂತ ಅವಳೇ ಕಳಿಸಿದ್ದಳು. ಅದನ್ನು ತೋರಿಸಿದೆ.

ಆ ಕಾನ್‌ಸ್ಟೇಬಲ್ ನನ್ನ ಫೋನಿನ ಮೇಲೆ ಮೊದಲು ಸ್ಯಾನಿಟೈಜರ್ ಸುರಿದ. ಅಮ್ಮನ ಮುಖದ ಮೇಲೆ ನೀಲಿ ಹನಿಗಳು ಬಿದ್ದವು. ಬಟ್ಟೆಯಲ್ಲಿ ಒರೆಸಿ ಫೋನ್ ತೆಗೆದುಕೊಂಡ. ಎರಡು ಬೆರಳಿಟ್ಟು ಅಮ್ಮನ ಮುಖ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಕುರ್ಚಿಯಲ್ಲಿ ಕೂತಿದ್ದವರಿಗೆ ಕೊಟ್ಟ. ಅವರು ನೋಡಿ ಪಕ್ಕದವರಿಗೆ ಕೊಟ್ಟರು. ನಮ್ಮಮ್ಮ ಹೀಗೆ ನಾಲ್ಕು ಜನರ ಕೈ ದಾಟಿದಳು. ಜೀವ ಇದ್ದಾಗ ಫೋಟೋ ತೆಗೆಯೋಕೆ ಹೋದರೆ ಸೆರಗು ಸರಿ ಮಾಡಿಕೊಂಡು, ಬೇಡ ಬಿಡೋ ಅನ್ನುತ್ತಿದ್ದವಳು.

"ಮಲಗಿರೋ ಥರ ಇದೆಯಲ್ಲ ಇದು" ಅಂದ ಒಬ್ಬ. "ಮೂಗಿಗೆ ಹತ್ತಿನೇ ಇಟ್ಟಿಲ್ಲ."

ನಾನು ಆಗ ಏನು ಮಾಡಿದೆ ಗೊತ್ತಾ? ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ, ಅಮ್ಮನ ಮೂಗಿಗೆ ಹತ್ತಿ ಇಟ್ಟು ಇನ್ನೊಂದು ಫೋಟೋ ಕಳಿಸು ಅಂದೆ.

ಅಕ್ಕ ಏನೂ ಮಾತಾಡಲಿಲ್ಲ. ಅಲ್ಲಿ ಹಿಂದೆ ಯಾರೋ ಅಳುತ್ತಿದ್ದದ್ದು ಕೇಳಿಸಿತು. ಹತ್ತು ನಿಮಿಷ ಬಿಟ್ಟು ಫೋಟೋ ಬಂತು. ಹತ್ತಿ ಇಟ್ಟಿದ್ದಳು. ಗಲ್ಲಕ್ಕೆ ಬಟ್ಟೆ ಕಟ್ಟಿದ್ದಳು. ಅದನ್ನು ತೋರಿಸಿದೆ. ಆಯ್ತು ಅಂದರು. ನಮ್ಮಮ್ಮ ಸತ್ತಿದ್ದು ಅಲ್ಲಿಗೆ ಪಾಸಾಯಿತು. ಆದರೆ ಬೈಕ್ ಬಿಡಲ್ಲ, ನಡಕೊಂಡು ಹೋಗೋದಾದ್ರೆ ಹೋಗು ಅಂದರು.

ಫೋಟೋ ನಂಬಿದ ಮೇಲೆ ಬೈಕ್ ಯಾಕೆ ಹಿಡಿದರು? ನಂಬದೇ ಇದ್ದಿದ್ದರೆ ನಡಕೊಂಡು ಹೋಗೋಕೆ ಯಾಕೆ ಬಿಟ್ಟರು? ಬೈಕಿನಲ್ಲಿ ಹೋದರೆ ಹರಡೋ ರೋಗ ನಡೆದು ಹೋದರೆ ಹರಡಲ್ವಾ? ಇದಕ್ಕೆ ಯಾರಾದರೂ ಉತ್ತರ ಕೊಡಿ. ಆದೇಶ ಬರೆದವರು ಕೊಡಿ, ಹಿಡಿದವರು ಕೊಡಿ, ಕಾನೂನು ಓದಿದವರು ಕೊಡಿ. ನಿಜವಾಗಲೂ ಕೇಳುತ್ತಿದ್ದೇನೆ.

ಮೂರು ಗಂಟೆ ನಡೆದೆ. ಆಗ ಸಾವಿಗೆ ಐದು ಜನ ಅನ್ನೋ ಲೆಕ್ಕ ಇತ್ತಲ್ಲ. 2020ರ ಮೊದಲ ಲಾಕ್‌ಡೌನ್‌ನಲ್ಲಿ 20 ಜನ ಇತ್ತು. 2021ರ ಏಪ್ರಿಲ್ ಕೊನೆಗೆ ನಮ್ಮ ರಾಜ್ಯದಲ್ಲಿ ಅದನ್ನು 5 ಮಾಡಿದರು. ಮದುವೆಗೆ ಹತ್ತಾರು ಜನ ಸೇರಬಹುದು, ಸಾವಿಗೆ ಐದೇ ಜನ. ಚಟ್ಟಕ್ಕೆ ಹೆಗಲು ಕೊಡೋಕೆ ನಾಲ್ಕು ಜನ ಬೇಕು, ಮುಂದೆ ಬೆಂಕಿ ಮಡಕೆ ಹಿಡಿಯೋಕೆ ಒಬ್ಬ. ಅಲ್ಲಿಗೆ ಐದು. ಅಳೋಕೆ ಯಾರಿಗೂ ಜಾಗ ಇಲ್ಲ. ಹೆತ್ತ ಮಗಳು ನಮ್ಮಕ್ಕ, ಅವಳಿಗೂ ಆ ಐದರಲ್ಲಿ ಜಾಗ ಇರಲಿಲ್ಲ. ಮಡಕೆ ಹಿಡಿಯೋ ಜಾಗ ನನಗೆ ಅಂತ ಕಾದರು. ಆದರೆ ಊರವರಿಗೆ ಭಯ. ಹೊತ್ತಾದರೆ ಪೊಲೀಸರು ಬರ್ತಾರೆ, ಜನ ಸೇರಿದಾರೆ ಅಂತ ಕೇಸ್ ಹಾಕ್ತಾರೆ, ಬೇಗ ಮುಗಿಸಿ ಅಂದರಂತೆ. ನಾನು ತೋಟದ ದಾರಿ ಇಳಿಯುವಾಗಲೇ ಹೊಗೆ ಕಾಣಿಸಿತು. ಕೊಳ್ಳಿ ಇಟ್ಟಿದ್ದು ಅಕ್ಕನ ಮಗ. ಹದಿನೇಳು ವರ್ಷದ ಹುಡುಗ, ನನ್ನನ್ನು ನೋಡಿದವನೇ ಮಾಮ ನಾನೇನು ಮಾಡಲಿ, ಇಡು ಅಂದರು, ಇಟ್ಟೆ ಅಂತ ಅತ್ತ. ತಾನೇ ತಪ್ಪು ಮಾಡಿದ ಹಾಗೆ.

ನಾನು ಲಾಕ್‌ಡೌನ್ ಬೇಡವಾಗಿತ್ತು ಅನ್ನೋನಲ್ಲ. ಅದೇ ತಿಂಗಳು ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತಿದ್ದರು. ನಮ್ಮ ಬೀದಿಯಲ್ಲೇ ಎರಡು ಮನೆಯಲ್ಲಿ ಹೋದರು. ನನಗೂ ಭಯ ಇತ್ತು. ಪೊಲೀಸರೂ ಬಿಸಿಲಲ್ಲಿ ನಿಂತಿದ್ದರು, ಅವರಲ್ಲೂ ಎಷ್ಟೋ ಜನ ಸತ್ತರು, ಅದನ್ನೂ ಮರೆತಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ನಾನು ಇವತ್ತು ಬಾಯಿ ಬಿಡುತ್ತಿರಲಿಲ್ಲ. ಒಂದೇ ಇತ್ತಾ? ಅದೇ ವರ್ಷ ಏಪ್ರಿಲ್ 17ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತು. ಪ್ರಚಾರಕ್ಕೆ ಎಲ್ಲ ಪಕ್ಷದವರೂ ಜನ ಸೇರಿಸಿದರು. ಮತ ಹಾಕಿಸಿಕೊಂಡು ಹತ್ತು ದಿನಕ್ಕೆ, ಏಪ್ರಿಲ್ 27ಕ್ಕೆ, ನಮಗೆ ಕರ್ಫ್ಯೂ. ಅದೇ ವರ್ಷದ ಜನವರಿಯಲ್ಲಿ ಬೆಳಗಾವಿಯಲ್ಲಿ ನಡೆದ ದೊಡ್ಡ ಸಮಾವೇಶದಲ್ಲಿ ಮಾಸ್ಕ್ ಇಲ್ಲದೆ ಜನ ಸೇರಿದ್ದಕ್ಕೆ ಎಫ್‌ಐಆರ್ ಯಾಕೆ ಹಾಕಿಲ್ಲ ಅಂತ ಹೈಕೋರ್ಟೇ ಪೊಲೀಸರನ್ನು ಕೇಳಬೇಕಾಯಿತು. ನನಗೆ ಎಫ್‌ಐಆರ್ ಹಾಕಿ ಅಂತ ಯಾವ ಕೋರ್ಟೂ ಹೇಳಬೇಕಾಗಲಿಲ್ಲ.

ಬೈಕ್ ಬಿಡಿಸಿಕೊಳ್ಳೋಕೆ ಹೋದಾಗ ದಂಡ ಕಟ್ಟಿಸಿಕೊಂಡರು. ನಾಲ್ಕೈದು ಕಡೆ ಸಹಿ ಹಾಕಿಸಿದರು. ಹನ್ನೊಂದನೇ ದಿನದ ಕೆಲಸ ಇತ್ತು, ತಲೆ ಬೋಳಿಸಿಕೊಂಡಿದ್ದೆ, ಏನು ಅಂತ ಓದಲಿಲ್ಲ. ಓದಬೇಕಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಮನ್ಸ್ ಕಳಿಸಿದ್ವಿ, ಆ ವಿಳಾಸದಲ್ಲಿ ಯಾರೂ ಇರಲಿಲ್ಲ ಅಂತಾರೆ ಈಗ. ಬಾಡಿಗೆ ಮನೆ ಬದಲಾಯಿಸಿದ್ದೆ. ಫೋನ್ ನಂಬರ್ ಅದೇ ಇದೆಯಲ್ಲ ಸಾರ್, ಇವತ್ತು ಅದಕ್ಕೇ ತಾನೇ ಫೋನ್ ಮಾಡಿದ್ದು ಅಂದೆ. ರೈಟರ್ ಟೀ ಲೋಟ ಕೆಳಗಿಟ್ಟು, ಅದು ಬೇರೆ ವಿಷಯ ಅಂದರು.

ಮಧ್ಯಾಹ್ನ ಪರಿಚಯದ ವಕೀಲರನ್ನು ಕೇಳಿದೆ. ಅವರು ಹೇಳಿದ್ದು ಕೇಳಿ ಇನ್ನೂ ಸಿಟ್ಟು ಬಂತು. 188 ಅನ್ನೋ ಕೇಸು ನಿಲ್ಲಬೇಕಾದರೆ ಆದೇಶ ಹೊರಡಿಸಿದ ಅಧಿಕಾರಿಯೋ ಅವರ ಮೇಲಿನವರೋ ಕೋರ್ಟಿಗೆ ಲಿಖಿತ ದೂರು ಕೊಡಬೇಕಂತೆ. ಕೇಸು ಹೇಗೆ ನಡೆಸಬೇಕು ಅಂತ ಹೇಳೋ ಹಳೇ ಕಾನೂನು ಸಿಆರ್‌ಪಿಸಿ, ಅದರ 195ನೇ ಸೆಕ್ಷನ್‌ನಲ್ಲಿ ಹಾಗೇ ಇತ್ತಂತೆ. ಸುಮ್ನೆ ಠಾಣೆಯಲ್ಲಿ ಎಫ್‌ಐಆರ್ ಹಾಕಿ ಚಾರ್ಜ್‌ಶೀಟ್ ಕೊಟ್ಟರೆ ಆಗಲ್ಲ. ಹಾಗೆ ಹಾಕಿದ ಎಷ್ಟೋ ಕೇಸುಗಳನ್ನು ಹೈಕೋರ್ಟುಗಳು ರದ್ದು ಮಾಡಿವೆಯಂತೆ. ಅಂದರೆ ಕಾನೂನು ಮೀರಿದ್ದು ಯಾರು ಹಾಗಾದರೆ? ತಮಿಳುನಾಡಿನಲ್ಲಿ 2021ರ ಫೆಬ್ರುವರಿಯಲ್ಲೇ ಇಂಥ ಸುಮಾರು 10 ಲಕ್ಷ ಕೇಸು ಕೈಬಿಡ್ತೀವಿ ಅಂತ ಅಲ್ಲಿನ ಮುಖ್ಯಮಂತ್ರಿ ಹೇಳಿದರು. 2024ರ ಜುಲೈ 1ಕ್ಕೆ ಐಪಿಸಿಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಬ್ರಿಟಿಷರ ಕಾಲದ ಕಾನೂನು ಕಿತ್ತು ಹಾಕಿದ್ವಿ ಅಂದರು. ಆ ಪುಸ್ತಕ ಹೋಯಿತು, ಆ ರೋಗ ಹೋಯಿತು, ಆ ಬ್ಯಾರಿಕೇಡ್ ಹೋಯಿತು. ನನ್ನ ಕೇಸ್ ಮಾತ್ರ ಹೋಗಲಿಲ್ಲ.

ಹೈಕೋರ್ಟಿಗೆ ಹೋದರೆ ರದ್ದಾಗಬಹುದು ಅಂದರು ವಕೀಲರು. ಎಷ್ಟಾಗುತ್ತೆ ಅಂದೆ. ಹೇಳಿದರು. ವ್ಯಾನ್ ಓಡಿಸಿದರೆ ನನಗೆ ಬರೋ ಎರಡು ತಿಂಗಳ ಸಂಬಳ. ಅದೂ ಆ ಕೆಲಸ ಸಿಕ್ಕಿದರೆ.

ಅದಕ್ಕೇ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಒಂದು ಗಳಿಗೆ, ಹೋಗಲಿ ಬಿಡು, ಹೌದು ಸ್ವಾಮಿ ಅಂದು ದಂಡ ಕಟ್ಟಿ ಬಂದರಾಯಿತು ಅನಿಸುತ್ತೆ. 188ಕ್ಕೆ ಹಳೇ ಕಾನೂನಿನಲ್ಲಿ ದಂಡ 200 ರೂಪಾಯಿ, ಜನರ ಜೀವಕ್ಕೆ ಅಪಾಯ ಅಂದರೆ 1000. ಎಷ್ಟೋ ಜನ ಹಾಗೇ ಕಟ್ಟಿ ಮುಗಿಸಿಕೊಂಡಿದ್ದಾರೆ. ನನಗೂ ಹೊಟ್ಟೆಪಾಡು ಇದೆ, ಮಗಳ ಫೀಸ್ ಇದೆ. ಅಮ್ಮ ಇದ್ದಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು, ದೊಡ್ಡವರ ಹತ್ತಿರ ಯಾಕಪ್ಪ ಅಂತ. ಇನ್ನೊಂದು ಗಳಿಗೆ, ಸತ್ತರೂ ಒಪ್ಪಲ್ಲ ಅನಿಸುತ್ತೆ. ಒಪ್ಪಿಕೊಂಡರೆ ಶಿಕ್ಷೆ ಆದ ಹಾಗೇ ಅಲ್ವಾ? ವಕೀಲರು ಹೌದು ಅಂದರು. ಕಾಗದದಲ್ಲಿ ಅಪರಾಧಿ ಅಂತಲೇ ಇರುತ್ತೆ. ಶಾಲೆಯವರು ಅದನ್ನು ನೋಡಿದರೆ ಕೆಲಸ ಕೊಡ್ತಾರಾ? ಹಾಗಾದರೆ ಯಾತಕ್ಕೆ ಒಪ್ಪಿಕೊಳ್ಳಲಿ? ಒಪ್ಪದಿದ್ದರೆ ಕೇಸ್ ಪೆಂಡಿಂಗ್ ಇದೆ ಅಂತ ಇರುತ್ತೆ. ಆಗಲೂ ಕೆಲಸ ಇಲ್ಲ.

ಸರ್ಕಾರದಲ್ಲಿ ಇರೋರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಮಾತು ಹೇಳಿ. ಲಾಕ್‌ಡೌನ್‌ನಲ್ಲಿ ಸಾವಿಗೆ, ಆಸ್ಪತ್ರೆಗೆ ಅಂತ ಹೊರಟು ಸಿಕ್ಕಿಬಿದ್ದವರ ಕೇಸುಗಳನ್ನು ಒಂದು ಸಲ ಕೂತು ನೋಡೋಕೆ ಏನು ಕಷ್ಟ? ನನ್ನಂಥವರು ಎಷ್ಟು ಜನ ಇದ್ದಾರೋ. ಅವರಿಗೂ ನನ್ನ ಹಾಗೆ ಗೊತ್ತೇ ಇರಲಿಕ್ಕಿಲ್ಲ. ನಿಮಗೂ ಹೀಗಾಗಿದ್ದರೆ, ಏನು ಮಾಡಿದಿರಿ, ಹೇಗೆ ಮುಗಿಸಿಕೊಂಡಿರಿ, ದಯವಿಟ್ಟು ಬರೆಯಿರಿ.

ಸೋಮವಾರ ಕೋರ್ಟಿಗೆ ಬರಬೇಕು ಅಂದಿದ್ದಾರೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಹೇಳಲೇಬೇಕಾಗುತ್ತೆ. ಅಮ್ಮ ಅವತ್ತೇ ತೀರಿಕೊಂಡಿದ್ದು ಅನ್ನೋದಕ್ಕೆ ಡೆತ್ ಸರ್ಟಿಫಿಕೇಟ್ ಜೊತೆಗೆ ಆ ಫೋಟೋನೂ ಇದ್ದರೆ ಒಳ್ಳೇದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತನ್ನಿ ಅಂದರು ವಕೀಲರು. ಯಾವ ಫೋಟೋ ಸಾರ್ ಅಂತ ಕೇಳಿದೆ. ಹತ್ತಿ ಇರೋದು ಅಂದರು. ನನ್ನ ಹಳೇ ಫೋನ್ ಕೆಟ್ಟು ಹೋಗಿದೆ. ಅದು ಈಗ ಇದ್ದರೆ ಅಕ್ಕನ ಫೋನಿನಲ್ಲಿ ಮಾತ್ರ. ಅವಳಿಗೆ ಮತ್ತೆ ಫೋನ್ ಮಾಡಿ ಅದೇ ಫೋಟೋ ಕಳಿಸು ಅನ್ನಬೇಕು. ಫೋನ್ ಕೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆದೆ. ಇನ್ನೂ ಮಾಡಿಲ್ಲ.