ಮಹಾಹಿಗ್ಗು ಎನ್ನೋಣ

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆಯಿದೆ. ಕಳೆದ ವಾರ ಅಕ್ಕನ ಮಗಳು ಬಂದಿದ್ದಳು, ಹತ್ತನೇ ತರಗತಿ ಓದುತ್ತಿದ್ದಾಳೆ. ಬೆಳಗಿನ ಚಳಿಯಲ್ಲಿ ಕೊಪ್ಪರಿಗೆಯ ಪಕ್ಕ ಕುಳಿತು ಬಿಸಿ ಬೆಲ್ಲ ತಿನ್ನುತ್ತಾ, “ಮಾವ, ವಿಶ್ವ ಹುಟ್ಟಿದ್ದು ಮಹಾಸ್ಫೋಟದಿಂದ ಅನ್ನುತ್ತಾರಲ್ಲ, ಅದು ಆದದ್ದು ಎಲ್ಲಿ?” ಎಂದು ಕೇಳಿದಳು. ಶಾಲೆಯಲ್ಲಿ ಕೇಳಿದಾಗ ಪರೀಕ್ಷೆಗೆ ಬರುವುದಿಲ್ಲ ಬಿಡು ಎಂದರಂತೆ. ಇಂಥ ಪ್ರಶ್ನೆಯನ್ನು ಹಾಗೆ ತಳ್ಳಿಹಾಕಲು ಮನಸ್ಸಾದರೂ ಹೇಗೆ ಬರುತ್ತದೆ?

ಅವಳು ದಾರಿ ತಪ್ಪಿದ್ದು ಆ ಪದದಿಂದ. ನಮ್ಮ ಕಡೆಯ ಮಕ್ಕಳಿಗೆ ಸ್ಫೋಟ ಎಂದರೆ ಕಲ್ಲು ಕ್ವಾರಿಯ ಸಿಡಿಮದ್ದು. ಒಂದು ಜಾಗದಲ್ಲಿ ಸಿಡಿಯುತ್ತದೆ, ಸದ್ದಾಗುತ್ತದೆ, ಚೂರುಗಳು ಸುತ್ತಲಿನ ಖಾಲಿ ಬಯಲಿಗೆ ಹಾರುತ್ತವೆ. ವಿಶ್ವದ ಆರಂಭದಲ್ಲಿ ಇದಾವುದೂ ನಡೆಯಲಿಲ್ಲ. ಸಿಡಿದು ಹಾರುವುದಕ್ಕೆ ಹೊರಗೊಂದು ಬಯಲೇ ಇರಲಿಲ್ಲ. ಸುಮಾರು 1380 ಕೋಟಿ ವರ್ಷಗಳ ಹಿಂದೆ ಎಲ್ಲೆಡೆಯೂ ಒತ್ತೊತ್ತಾಗಿ, ಊಹೆಗೆ ನಿಲುಕದಷ್ಟು ಬಿಸಿಯಾಗಿದ್ದ ವಿಶ್ವದಲ್ಲಿ ಜಾಗವೇ ಹಿಗ್ಗತೊಡಗಿತು. ಆದದ್ದು ಎಲ್ಲಿ ಎಂದರೆ ಎಲ್ಲೆಲ್ಲೂ. ಈ ಕೊಪ್ಪರಿಗೆ ಇರುವಲ್ಲಿಯೂ!

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ನೆನಪಿಸಿದೆ. ಹುದುಗಿ ಉಬ್ಬುವಾಗ ಅದರೊಳಗೆ ಬಿದ್ದ ಮೆಂತ್ಯದ ಕಾಳುಗಳು ತಾವಾಗಿ ಓಡುವುದಿಲ್ಲ, ನಡುವಿನ ಹಿಟ್ಟು ಉಬ್ಬಿ ಒಂದರಿಂದೊಂದು ದೂರವಾಗುತ್ತವೆ. ಯಾವ ಕಾಳಿನ ಮೇಲೆ ಕುಳಿತು ನೋಡಿದರೂ ಉಳಿದವು ದೂರ ಸರಿಯುವಂತೆಯೇ ಕಾಣುತ್ತದೆ. ನಕ್ಷತ್ರಗಳ ಭಾರೀ ಗುಂಪುಗಳಾದ ಗೆಲಾಕ್ಸಿಗಳೂ ಹಾಗೆಯೇ. ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ 1927ರಲ್ಲಿ ಇದನ್ನು ಗಣಿತದಿಂದ ಹೇಳಿದರು, 1929ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹಬಲ್ ದೂರದರ್ಶಕದ ಅಳತೆಗಳಿಂದ ತೋರಿಸಿದರು. ನಾವು ಮಹಾಸ್ಫೋಟ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಬಿಗ್ ಬ್ಯಾಂಗ್’ ಎಂಬ ಹೆಸರು ಬಂದದ್ದು 1949ರಲ್ಲಿ, ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಬಿಬಿಸಿ ರೇಡಿಯೋ ಭಾಷಣದಲ್ಲಿ. ಅವರು ಈ ಸಿದ್ಧಾಂತವನ್ನು ಒಪ್ಪದಿದ್ದವರು. ಒಪ್ಪದವರು ಇಟ್ಟ ಹೆಸರನ್ನು ಅನುವಾದಿಸಿಕೊಂಡು ನಾವು ಇಂದಿಗೂ ಮಕ್ಕಳ ತಲೆಗೆ ತುಂಬುತ್ತಿದ್ದೇವೆ.

ಕನ್ನಡದಲ್ಲಿ ‘ಹಿಗ್ಗು’ ಎಂಬ ಪದವಿದೆ. ದೊಡ್ಡದಾಗುವುದೂ ಹಿಗ್ಗುವುದೇ, ಸಂತೋಷವೂ ಹಿಗ್ಗೇ. ಮಹಾಹಿಗ್ಗು ಎನ್ನಲು ನಮಗೆ ಏನು ಅಡ್ಡಿ?

ಹಿಗ್ಗುತ್ತಾ ವಿಶ್ವ ತಣ್ಣಗಾಯಿತು. ಒಲೆ ಉರಿಯುವಾಗ ಆವಿಯಲ್ಲಿ ಎದುರಿಗಿದ್ದವರ ಮುಖವೂ ಕಾಣದು, ಉರಿ ಇಳಿದ ಮೇಲೆ ಕಾಣುತ್ತದೆ. ಸುಮಾರು 3,80,000 ವರ್ಷಗಳವರೆಗೆ ವಿಶ್ವವೂ ಹಾಗೆ ಮಬ್ಬಾಗಿತ್ತು. ಬಿಡಿ ಎಲೆಕ್ಟ್ರಾನುಗಳು ಬೆಳಕನ್ನು ನೆಟ್ಟಗೆ ಹೋಗಲು ಬಿಡುತ್ತಿರಲಿಲ್ಲ. ಅವು ಪರಮಾಣುಗಳೊಳಗೆ ಸೇರಿಕೊಂಡ ಮೇಲೆ ಬೆಳಕು ಹೊರಟಿತು. ಆ ಬೆಳಕೇ ಕಣ್ಣಿಗೆ ಕಾಣದ ಸೂಕ್ಷ್ಮತರಂಗವಾಗಿ (ಮೈಕ್ರೋವೇವ್) ಇಂದಿಗೂ ಎಲ್ಲ ದಿಕ್ಕುಗಳಿಂದ ಬರುತ್ತಿದೆ. ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ 1964ರಲ್ಲಿ ಅದನ್ನು ತಮ್ಮ ಆಂಟೆನಾದ ಗದ್ದಲವೆಂದುಕೊಂಡು, ಪಾರಿವಾಳದ ಹಿಕ್ಕೆಯನ್ನೆಲ್ಲ ತೊಳೆದು ನೋಡಿದರು. ಗದ್ದಲ ಹೋಗಲಿಲ್ಲ. ಅದಕ್ಕೇ 1978ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಸೂರ್ಯನ ಗ್ರಹಗಳ ಕಥೆ ತೀರಾ ಈಚಿನದು, ಸುಮಾರು 460 ಕೋಟಿ ವರ್ಷಗಳಷ್ಟು ಹಳೆಯದು. ಎಳೆಯ ಸೂರ್ಯನ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದು ತಿರುಗುತ್ತಿತ್ತು. ಧೂಳಿನ ಕಣಗಳು ಒಂದಕ್ಕೊಂದು ತಾಕಿ ಅಂಟಿಕೊಂಡವು. ಎಸರಿನಲ್ಲಿ ರಾಗಿಹಿಟ್ಟು ಗಂಟು ಕಟ್ಟುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಅಲ್ಲಿ ಅಂಟಿಸುವುದು ನೀರು, ಇಲ್ಲಿ ಮೊದಮೊದಲು ಕಣಗಳ ನಡುವಿನ ಸಣ್ಣ ವಿದ್ಯುತ್ ಸೆಳೆತ. ಗಂಟುಗಳು ಕಿಲೋಮೀಟರುಗಳಷ್ಟು ದೊಡ್ಡ ಬಂಡೆಗಳಾದ ಮೇಲೆ ಗುರುತ್ವವೇ ಯಜಮಾನ. ಸೂರ್ಯನ ಹತ್ತಿರದ ಸೆಕೆಯಲ್ಲಿ ಕಲ್ಲು, ಕಬ್ಬಿಣ ಮಾತ್ರ ಗಟ್ಟಿಯಾಗಿ ಉಳಿದು ಭೂಮಿಯಂಥವು ಆದವು. ಮಂಜುಗಡ್ಡೆ ನಿಲ್ಲುವಷ್ಟು ದೂರದಲ್ಲಿ ಗುರು ಗ್ರಹ ಬೆಳೆದು, ಅನಿಲವನ್ನೂ ಬಾಚಿಕೊಂಡು 318 ಭೂಮಿಗಳ ತೂಕಕ್ಕೆ ಬಂತು. ಇದು ಬರಿಯ ಊಹೆಯಲ್ಲ. 2014ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕಗಳು ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತ ಇಂಥದೇ ತಟ್ಟೆಯನ್ನೂ ಅದರಲ್ಲಿನ ಕಪ್ಪು ಉಂಗುರಗಳನ್ನೂ ಚಿತ್ರ ಹಿಡಿದವು. ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಹುಡುಗಿ ಬೆಲ್ಲ ಮರೆತು ಕುಳಿತಳು.

ಅವಳ ಕೈಯಲ್ಲಿದ್ದ ಬೆಲ್ಲದಿಂದಲೇ ಮಾತು ಮುಗಿಸಿದೆ. ಸಕ್ಕರೆಯ ಒಂದು ಅಣುವಿನಲ್ಲಿ 45 ಪರಮಾಣುಗಳು. ಅವುಗಳಲ್ಲಿ 22 ಹೈಡ್ರೋಜನ್, ಈ ಹೈಡ್ರೋಜನ್‌ಗಳ ನಡುವಿನ ಬೀಜ (ನ್ಯೂಕ್ಲಿಯಸ್) ವಿಶ್ವ ಹುಟ್ಟಿದ ಮೊದಲ ಗಳಿಗೆಯದು. ಉಳಿದ 12 ಇಂಗಾಲ, 11 ಆಮ್ಲಜನಕ, ಸೂರ್ಯನಿಗಿಂತ ಮೊದಲೇ ಬದುಕಿ ಸತ್ತ ನಕ್ಷತ್ರಗಳಲ್ಲಿ ಬೆಂದವು. ಅವಳು ಬೆರಳಿಗೆ ಅಂಟಿದ ಚೂರನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, “ಹಾಗಾದರೆ ಹಿಗ್ಗುವುದು ಇನ್ನೂ ನಿಂತಿಲ್ಲವಾ ಮಾವ?” ಎಂದಳು.

ಇಲ್ಲ, ನಿಂತಿಲ್ಲ.