ಓಟ ಬಿಟ್ಟ ಮೇಲೂ ಜೀವ ಉಂಟಲ್ಲ
ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್ ರೇಸ್ ಓಡಿ ರಿಟೈರ್ ಆದ ಕುದುರೆ ಬಗ್ಗೆ ನೀವು ಬರೆದದ್ದು ಓದಿ ಕಣ್ಣು ತುಂಬಿ ಬಂತು ಮಾರಾಯ್ರೆ. ನವೆಂಬರ್ ಮೊದಲ ಮಂಗಳವಾರ 3200 ಮೀಟರ್ ಓಟ, ಅಲ್ಲಿ ಆಗ ವಸಂತ, ತಳಿ ಬೆಳೆಸುವ ಸ್ಟಡ್ ಫಾರ್ಮಲ್ಲೂ ಕುದುರೆ ಕೂಡಿಸುವ ಸೀಸನ್ ಅದೇ, ಆದ್ರೆ ಗಂಡಲ್ಲಿ ಒಳ್ಳೆ ತಳಿಯ ಗೆದ್ದದ್ದಕ್ಕೆ ಮಾತ್ರ ಆ ಯೋಗ, ಬೀಜ ತೆಗೆಸಿದ್ದಕ್ಕೆ ಅದೂ ಇಲ್ಲ. ನಮ್ಮ ಕಾರ್ಕಳದ ಮನೆಯಲ್ಲಿ ಕಂಬಳದ ಕೋಣ ಓಟ ನಿಲ್ಲಿಸಿದ ಮೇಲೂ ಹಟ್ಟಿಯಲ್ಲೇ ಇತ್ತು, ಅಜ್ಜ ದಿನಾ ಬೇಯಿಸಿದ ಹುರುಳಿ ಕೊಟ್ಟು ಎಣ್ಣೆ ಹಚ್ಚಿ ಮೀಯಿಸ್ತಿದ್ರು, ದೂರದಲ್ಲಿ ಕಂಬಳದ ಕೊಂಬು ಊದುವ ಸದ್ದು ಕೇಳಿದ್ರೆ ಸಾಕು ಕಿವಿ ನೆಟ್ಟಗೆ ಮಾಡಿ ಹಗ್ಗ ಜಗ್ಗಿ ನಿಲ್ತಿತ್ತು. ಕುದುರೆಗೂ ಹಾಗೇ ಆಗ್ತದೆ ಅಂತ ನನಗೆ ಅನಿಸ್ತದೆ. ಸ್ಟಡ್‌ಗೆ ಹೋಗದ ಕುದುರೆಗಳ ಬಗ್ಗೆ ಇನ್ನೂ ಸ್ವಲ್ಪ ಬರೀಬೇಕಿತ್ತು, ಅವಕ್ಕೆ ಕೊನೆವರೆಗೆ ಮೇವು ಹಾಕುವವರು ಯಾರು?